ಬೆಳಿಗ್ಗೆ ಆಪರೇಷನ್, ಸಂಜೆ ಮನೆಗೆ. ರಾತ್ರಿ ಯಾರ ಹೊಣೆ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಡೇ ಕೇರ್ ಕ್ಲಿನಿಕ್‌ಗಳಲ್ಲಿ ನಡೆಯುವ ಹೊಟ್ಟೆಯ ಕಾಸ್ಮೆಟಿಕ್ ಸರ್ಜರಿ ಮತ್ತು ಮನೆಗೆ ಕಳಿಸಿದ ಮೇಲೆ ರೋಗಿಗಳ ಸುರಕ್ಷತೆ ಕುರಿತು.

ಮಾನ್ಯರೇ,

ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸ್ಟಾಫ್ ನರ್ಸ್. ನನಗೆ ಬೀಳುವುದು ಹೆಚ್ಚಾಗಿ ರಾತ್ರಿ ಪಾಳಿ. ಬೆಳಿಗ್ಗೆ ಎಲ್ಲೋ ಒಂದು ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಕೊಬ್ಬು ತೆಗೆಸಿಕೊಂಡು, ಇಲ್ಲವೇ ಜೋತುಬಿದ್ದ ಹೊಟ್ಟೆ ಬಿಗಿ ಮಾಡಿಸಿಕೊಂಡು, ಸಂಜೆ ಮನೆಗೆ ಹೋದವರು ರಾತ್ರಿ ನಮ್ಮ ಬಾಗಿಲಿಗೆ ಬರುತ್ತಾರೆ. ಎಲ್ಲರೂ ಅಲ್ಲ. ಬಹಳಷ್ಟು ಜನ ಚೆನ್ನಾಗಿಯೇ ಇರುತ್ತಾರೆ, ಅವರು ನಮಗೆ ಕಾಣುವುದೇ ಇಲ್ಲ. ಆದರೆ ಬಂದವರ ವಿಷಯದಲ್ಲಿ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಅವರಿಗೆ ಬೆಳಿಗ್ಗೆ ಏನು ಮಾಡಿದರು, ಏನು ಕೊಟ್ಟರು ಎಂದು ಹೇಳುವವರು ಆ ಹೊತ್ತಿನಲ್ಲಿ ಯಾರೂ ಇರುವುದಿಲ್ಲ.

ಈ ಪತ್ರ ಬರೆಯುತ್ತಿರುವುದು ಅದಕ್ಕೇ. ಈ ಸರ್ಜರಿಗಳನ್ನು ನಿಲ್ಲಿಸಿ ಎಂದು ಕೇಳಲು ಅಲ್ಲ. ಸೌಂದರ್ಯದ ಹುಚ್ಚು ಎಂದು ಜನರಿಗೆ ಬುದ್ಧಿ ಹೇಳಲೂ ಅಲ್ಲ. ಎರಡು ಸಿಸೇರಿಯನ್ ಆದ ತಾಯಿಯ ಹೊಟ್ಟೆಯ ಸ್ನಾಯು ನಡುವೆ ಬಿಟ್ಟುಕೊಂಡಿರುತ್ತದೆ. ಎಷ್ಟು ನಡೆದರೂ, ಎಷ್ಟು ಉಪವಾಸ ಮಾಡಿದರೂ ಅದು ಕೂಡಿಕೊಳ್ಳುವುದಿಲ್ಲ. ಜೋತುಬಿದ್ದ ಚರ್ಮದ ಮಡಿಕೆಯಲ್ಲಿ ಬೇಸಿಗೆ ಪೂರ್ತಿ ಹುಣ್ಣು. ಅದನ್ನು ಸರಿ ಮಾಡಿಸಿಕೊಳ್ಳಬೇಕು ಅನ್ನಿಸಿದರೆ ಅದು ಅವರ ಇಷ್ಟ, ಅವರ ಹಕ್ಕು. ಏನಾದರೂ ಹೆಚ್ಚುಕಡಿಮೆ ಆದಾಗ "ಇದೆಲ್ಲ ಯಾಕೆ ಬೇಕಿತ್ತು?" ಎಂದು ಮನೆಯವರು ಕೇಳುತ್ತಾರೆ. ಹೇಳಲು ಬೇಜಾರಾಗುತ್ತದೆ, ಆಸ್ಪತ್ರೆಯವರೂ ಕೇಳುತ್ತಾರೆ. ಆ ಮಾತಿನ ಭಯಕ್ಕೇ ಎಷ್ಟೋ ಜನ ನೋವು ನುಂಗಿಕೊಂಡು ತಡವಾಗಿ ಬರುತ್ತಾರೆ. ಮನೆಯಲ್ಲಿ ಹೇಳದೆ, ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಮಾಡಿಸಿಕೊಂಡವರೂ ಇದ್ದಾರೆ.

ಮೊದಲು ಈ ವ್ಯಾಪಾರ ಹೇಗೆ ನಡೆಯುತ್ತದೆ ನೋಡಿ. ಇನ್‌ಸ್ಟಾಗ್ರಾಂ ತೆರೆದರೆ ಸಾಕು. ಹಬ್ಬದ ಆಫರ್, ಮದುವೆ ಸೀಸನ್ ಪ್ಯಾಕೇಜ್, ಬಡ್ಡಿ ಇಲ್ಲದ ಇಎಂಐ. "ಲಂಚ್ ಟೈಮ್ ಲಿಪೊ", "ಬೆಳಿಗ್ಗೆ ಬನ್ನಿ, ಸಂಜೆ ನಡೆದುಕೊಂಡು ಹೋಗಿ". ಹಳೆಯ ಹೊಟ್ಟೆ ಎಡಕ್ಕೆ, ಹೊಸ ಹೊಟ್ಟೆ ಬಲಕ್ಕೆ. ಫೋನ್ ಮಾಡಿದರೆ ಮಾತಾಡುವವರು ಕೌನ್ಸೆಲರ್, ಅಂದರೆ ಮಾರಾಟದವರು. ಡಾಕ್ಟರ ಮುಖ ಆಪರೇಷನ್ ದಿನವೇ ನೋಡಿದ್ದು ಎಂದು ಹೇಳಿದ ರೋಗಿಗಳಿದ್ದಾರೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ, ಕೌಂಟರಿನಲ್ಲಿ, ದುಡ್ಡು ಕಟ್ಟುವಾಗ. ಇನ್ನು ಕೆಲವರಿಗೆ ಅದೇ ದಿನ ಬೆಳಿಗ್ಗೆ ಒಂದು ಮಾತು: "ಹೇಗೂ ಮಲಗಿರ್ತೀರಿ, ಸೊಂಟ, ತೋಳು ಎಲ್ಲಾ ಸೇರಿಸಿಬಿಡೋಣ, ಸ್ವಲ್ಪ ಜಾಸ್ತಿ ಆಗುತ್ತೆ ಅಷ್ಟೇ." ಜಾಸ್ತಿ ಆಗುವುದು ಬಿಲ್ ಒಂದೇ ಅಲ್ಲ. ಯಾವ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟರೋ ಅಷ್ಟಕ್ಕೇ ಅದು ಸಲ್ಲುತ್ತದೆ, ಮಾಹಿತಿ ಕೊಟ್ಟು ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲೇ ಹೇಳಿದೆ.

ಲಿಪೊಸಕ್ಷನ್ ಅಂದರೆ ಸುಮ್ನೆ ಒಂದು ಪೈಪ್ ಹಾಕಿ ಕೊಬ್ಬು ಎಳೆಯುವುದು ಎಂದು ಜನ ತಿಳಿದಿದ್ದಾರೆ. ಎಳೆಯುವುದಕ್ಕೆ ಮುಂಚೆ ಒಳಗೆ ತುಂಬುವುದು ಬಹಳ ಇದೆ. ಲೀಟರ್‌ಗಟ್ಟಲೆ ಸಲೈನ್, ಅದರಲ್ಲಿ ಮರಗಟ್ಟಿಸುವ ಲಿಗ್ನೋಕೇನ್, ರಕ್ತ ಸೋರದಿರಲು ಅಡ್ರಿನಲಿನ್. ಅಮೆರಿಕದ ಚರ್ಮ ವೈದ್ಯ ಜೆಫ್ರಿ ಕ್ಲೈನ್ 1980ರ ದಶಕದಲ್ಲಿ ಈ ಪದ್ಧತಿ ತಂದರು. ಒಳ್ಳೆಯ ಪದ್ಧತಿ. ರಕ್ತ ಹೋಗುವುದು ತುಂಬಾ ಕಡಿಮೆಯಾಯಿತು. ಎಷ್ಟೋ ಕಡೆ ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯವೂ ಇಲ್ಲದಾಯಿತು. ಆಪರೇಷನ್ ದೊಡ್ಡಾಸ್ಪತ್ರೆಯಿಂದ ಮೊದಲನೇ ಮಹಡಿಯ ಕ್ಲಿನಿಕ್ಕಿಗೆ ಬರಲು ದಾರಿ ಆದದ್ದೂ ಇದರಿಂದಲೇ.

ತೊಂದರೆ ಇರುವುದು ಗಡಿಯಾರದಲ್ಲಿ. ಬೇರೆ ಸಣ್ಣಪುಟ್ಟ ಚಿಕಿತ್ಸೆಗೆ ಅಡ್ರಿನಲಿನ್ ಜೊತೆ ಲಿಗ್ನೋಕೇನ್ ಕೊಡುವಾಗ ದೇಹದ ತೂಕದ ಪ್ರತಿ ಕಿಲೋಗೆ 7 ಮಿಲಿಗ್ರಾಂ ಮೀರಬಾರದು ಎಂದು ನಮಗೆಲ್ಲ ಕಲಿಸುತ್ತಾರೆ. ಈ ಪದ್ಧತಿಯಲ್ಲಿ 35, ಕೆಲವು ಮಾರ್ಗಸೂಚಿಗಳಲ್ಲಿ 55 ಮಿಲಿಗ್ರಾಂವರೆಗೂ ಹೋಗುತ್ತಾರೆ. ಹೋಗಬಹುದು, ಏಕೆಂದರೆ ಕೊಬ್ಬಿನೊಳಗೆ ಕೂತ ಔಷಧಿ ಒದ್ದೆ ಹತ್ತಿಯಿಂದ ನೀರು ಜಿನುಗಿದ ಹಾಗೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ರಕ್ತದಲ್ಲಿ ಅದರ ಮಟ್ಟ ಏರಿ ತುದಿ ಮುಟ್ಟುವುದು ಸುಮಾರು 12 ಗಂಟೆಯ ಹೊತ್ತಿಗೆ. ಕೆಲವರಲ್ಲಿ ಇನ್ನೂ ತಡವಾಗಿ. ಬೆಳಿಗ್ಗೆ 11ಕ್ಕೆ ಕೊಟ್ಟರೆ ರಾತ್ರಿ 11ಕ್ಕೆ. ರೋಗಿ ಆಗ ಎಲ್ಲಿರುತ್ತಾರೆ? ಮನೆಯಲ್ಲಿ, ಬೆಲ್ಟ್ ಕಟ್ಟಿಕೊಂಡು, ನೋವಿನ ಮಾತ್ರೆ ನುಂಗಿ, ದೀಪ ಆರಿಸಿ ಮಲಗಿರುತ್ತಾರೆ.

ಲೆಕ್ಕವನ್ನೂ ನೋಡಿ. ಲೀಟರಿಗೆ 1 ಗ್ರಾಂ ಲಿಗ್ನೋಕೇನ್ ಹಾಕಿದ ದ್ರಾವಣ 3 ಲೀಟರ್ ಹೋದರೆ 3,000 ಮಿಲಿಗ್ರಾಂ. 60 ಕಿಲೋ ತೂಕದ ಹೆಂಗಸಿಗೆ ಅದು ಕಿಲೋಗೆ 50. 55ರ ಗೆರೆಗೆ ಹತ್ತಿರ. 50 ಕಿಲೋದವರಿಗೆ ಕಿಲೋಗೆ 60. ಗೆರೆ ದಾಟಿತು. ಅದೇ ಡಬ್ಬಿ, ಅದೇ ಡಾಕ್ಟರು, ಅದೇ ಕೈ. ತೂಕ ಬೇರೆ, ಅಷ್ಟೇ. ಮಧ್ಯದಲ್ಲಿ "ತೋಳು ಸೇರಿಸಿಬಿಡೋಣ" ಅಂದರೆ ಈ ಲೆಕ್ಕ ಯಾರು ಮತ್ತೆ ಮಾಡುತ್ತಾರೆ?

ಇನ್ನು ನಾನು ಕಣ್ಣಾರೆ ಕಂಡದ್ದು. ಗುರುತು ಸಿಗಬಾರದೆಂದು ಕೆಲವು ವಿವರ ಬಿಟ್ಟಿದ್ದೇನೆ. ಕ್ಲಿನಿಕ್ಕಿನ ಹೆಸರನ್ನೂ ಬರೆಯುವುದಿಲ್ಲ. ನನ್ನ ದೂರು ಒಂದು ಕ್ಲಿನಿಕ್ ಮೇಲೆ ಅಲ್ಲ.

ನಡುರಾತ್ರಿ ಕಳೆದ ಮೇಲೆ ಒಬ್ಬ ಹೆಂಗಸನ್ನು ಗಂಡ ಕರೆತಂದರು. ನಲವತ್ತರ ಆಸುಪಾಸು. ಬೆಳಿಗ್ಗೆ ಹೊಟ್ಟೆ, ಸೊಂಟದ ಲಿಪೊಸಕ್ಷನ್ ಆಗಿತ್ತು. ಸಂಜೆ ಮನೆಗೆ ಬಂದು ಗಂಜಿ ಕುಡಿದಿದ್ದರು. ಆಮೇಲೆ ಬಾಯಿಯ ಸುತ್ತ ಮರಗಟ್ಟಿತು ಎಂದರಂತೆ. ಕಿವಿಯಲ್ಲಿ ಗುಯ್ ಎನ್ನುವ ಸದ್ದು. ಮಾತು ತೊದಲಿತು. "ಔಷಧಿ ಅಮಲು, ಮಲಗಿದರೆ ಸರಿ ಹೋಗುತ್ತೆ" ಎಂದುಕೊಂಡು ಮನೆಯವರು ಮಲಗಿಸಿದರು. ಅವರದ್ದೇನೂ ತಪ್ಪಿಲ್ಲ, ಯಾರೂ ಹೇಳಿರಲಿಲ್ಲ. ಕೈಕಾಲು ಅದುರಲು ಶುರುವಾದಾಗ ಎತ್ತಿಕೊಂಡು ಬಂದರು.

ನಮ್ಮ ಡ್ಯೂಟಿ ಡಾಕ್ಟರಿಗೆ ಅನುಮಾನ ಬಂತು, ಲಿಗ್ನೋಕೇನ್ ಏರಿದೆಯಾ ಎಂದು. ಎಷ್ಟು ಕೊಟ್ಟಿದ್ದಾರೆ ಎಂದು ಗೊತ್ತಾಗಬೇಕು. ಗಂಡನ ಕೈಯಲ್ಲಿದ್ದ ಚೀಟಿ ನೋಡಿದೆವು. ಚಂದದ ಬಣ್ಣದ ಕಾಗದ, ಮೇಲೆ ಲೋಗೋ. ಒಂದು ಆಂಟಿಬಯಾಟಿಕ್, ಒಂದು ನೋವಿನ ಮಾತ್ರೆ, ಬೆಲ್ಟ್ ಎಷ್ಟು ದಿನ ಹಾಕಬೇಕು, ಮುಂದಿನ ಭೇಟಿ ಯಾವಾಗ, ಗೂಗಲ್‌ನಲ್ಲಿ ರಿವ್ಯೂ ಹಾಕಲು ಒಂದು ಕ್ಯೂಆರ್ ಕೋಡ್. ತೂಕ ಇಲ್ಲ. ಒಳಗೆ ಎಷ್ಟು ಲೀಟರ್ ಹೋಯಿತು ಇಲ್ಲ. ಹೊರಗೆ ಎಷ್ಟು ತೆಗೆದರು ಇಲ್ಲ. ಅರಿವಳಿಕೆ ಯಾರು ಕೊಟ್ಟರು, ಏನು ಕೊಟ್ಟರು ಇಲ್ಲ. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆವು. ಒಂದು ಹುಡುಗಿ ಎತ್ತಿದಳು. ಅವಳ ಹತ್ತಿರ ಅಪಾಯಿಂಟ್‌ಮೆಂಟ್ ಪುಸ್ತಕ ಮಾತ್ರ ಇತ್ತು, ಅದೂ ಬೇರೆ ಊರಿನ ಕಾಲ್ ಸೆಂಟರಿನಲ್ಲಿ. ಡಾಕ್ಟರ ಮೊಬೈಲ್ ಸ್ವಿಚ್ ಆಫ್.

ಆ ಹೆಂಗಸು ಬದುಕಿದರು. ಆಕ್ಸಿಜನ್, ಫಿಟ್ಸ್ ತಡೆಯುವ ಔಷಧಿ, ಮಾನಿಟರ್, ಜೊತೆಗೆ ನಮ್ಮ ಐಸಿಯುನಲ್ಲಿ ಶೇ 20ರ ಲಿಪಿಡ್ ಎಮಲ್ಷನ್ ಇತ್ತು. ಲಿಗ್ನೋಕೇನ್ ವಿಷವೇರಿದಾಗ ಕೊಡುವ ಮುಖ್ಯ ಔಷಧಿ ಅದು. ಲೀಟರ್‌ಗಟ್ಟಲೆ ಲಿಗ್ನೋಕೇನ್ ದ್ರಾವಣ ಹಾಕುವ ಜಾಗದಲ್ಲೇ ಮೊದಲು ಇರಬೇಕಾದ ಬಾಟಲಿ. ಮರುದಿನ ಕ್ಲಿನಿಕ್ಕಿನಿಂದ ಯಾರೋ ಬಂದರು. ರೋಗಿಯನ್ನು ನೋಡುವ ಮುಂಚೆ ಗಂಡನನ್ನು ಕಾರಿಡಾರಿಗೆ ಕರೆದುಕೊಂಡು ಹೋದರು. ಏನು ಮಾತಾಯಿತೋ, ಆ ಮೇಲೆ ಗಂಡ ದೂರಿನ ಮಾತೇ ಎತ್ತಲಿಲ್ಲ. ಐಸಿಯು ಬಿಲ್ ಮಾತ್ರ ಅವರೇ ಕಟ್ಟಿದರು. ಆರೋಗ್ಯ ವಿಮೆ ಇತ್ತು. ಆದರೆ ಕಾಸ್ಮೆಟಿಕ್ ಸರ್ಜರಿ ವಿಮೆಯ ಹೊರಗಿಟ್ಟ ಪಟ್ಟಿಯಲ್ಲಿದೆ. ಅದರಿಂದ ಆದ ತೊಂದರೆಯೂ ಹೊರಗೇ ಎಂದು ಕಂಪನಿ ಹೇಳಿತು.

ಇನ್ನೊಬ್ಬರ ಕಥೆ ಚಿಕ್ಕದು. ಟಮ್ಮಿ ಟಕ್, ಅಂದರೆ ಜೋತುಬಿದ್ದ ಹೊಟ್ಟೆ ಬಿಗಿ ಮಾಡುವ ಸರ್ಜರಿ, ಮಾಡಿಸಿಕೊಂಡು ಎರಡೇ ದಿನಕ್ಕೆ ಕಾರಿನಲ್ಲಿ ಉತ್ತರ ಕರ್ನಾಟಕದ ತಮ್ಮ ಊರಿಗೆ ಹೋಗಿದ್ದರು. ಹೊಲಿಗೆ ಎಳೆಯುತ್ತದೆ ಎಂದು ದಾರಿಯುದ್ದ ಮಡಚಿಕೊಂಡು ಕೂತಿದ್ದರು. ವಾರದೊಳಗೆ ಚೆಕಪ್‌ಗೆ ಅಂತ ವಾಪಸ್ ಬರುವಾಗ ಉಸಿರು ಕಟ್ಟಿತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿತ್ತು. ಅವರು ಉಳಿಯಲಿಲ್ಲ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂದು ತಂಗಿ ಆಮೇಲೆ ಹೇಳಿದರು. ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯಿಂದ ಜಾಸ್ತಿಯಾಗುತ್ತದೆ. ಆಪರೇಷನ್‌ಗೆ ಮುಂಚೆ ಕೇಳಲೇಬೇಕಾದ ಪ್ರಶ್ನೆ ಅದು. ಕೇಳಿದ್ದರು ಎನ್ನುವುದಕ್ಕೆ ಕಾಗದದಲ್ಲಿ ಒಂದು ಗುರುತೂ ಇರಲಿಲ್ಲ.

ಇವು ನನ್ನೊಬ್ಬಳ ಅನುಭವ ಎಂದು ತಾವು ತಳ್ಳಿಹಾಕಬಹುದು. ಎಲ್ಲರಿಗೂ ಗೊತ್ತಿರುವುದನ್ನೇ ನೆನಪಿಸುತ್ತೇನೆ. 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಕಿರುತೆರೆಯ ಒಬ್ಬ ನಟಿ, ವಯಸ್ಸು 21, ಕೊಬ್ಬು ತೆಗೆಸಿಕೊಳ್ಳಲು ಖಾಸಗಿ ಕಾಸ್ಮೆಟಿಕ್ ಕೇಂದ್ರಕ್ಕೆ ಬೆಳಿಗ್ಗೆ ಹೋದರು. ಸಂಜೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತು ಎಂದು ವರದಿಯಾಯಿತು. ಬೇರೆ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಜೀವ ಉಳಿಯಲಿಲ್ಲ. ಹೆತ್ತವರಿಗೆ ವಿಷಯವೇ ಗೊತ್ತಿರಲಿಲ್ಲ. ಆ ಕೇಂದ್ರಕ್ಕೆ ಇದ್ದದ್ದು ಪಾಲಿಕ್ಲಿನಿಕ್ ನಡೆಸುವ ಅನುಮತಿ ಮಾತ್ರ ಎಂದು ಆರೋಗ್ಯ ಅಧಿಕಾರಿಗಳು ಹೇಳಿದ್ದಾಗಿ ಪತ್ರಿಕೆಗಳಲ್ಲಿ ಬಂತು. ನೋಟಿಸ್ ಹೋಯಿತು, ಟಿವಿಯಲ್ಲಿ ಒಂದು ವಾರ ಚರ್ಚೆ ಆಯಿತು. ಆ ಮೇಲೆ?

ಪಕ್ಕದ ಕೇರಳದಲ್ಲಿ 2025ರ ಫೆಬ್ರವರಿಯಲ್ಲಿ, ತಿರುವನಂತಪುರದಲ್ಲಿ, ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ಹೊಟ್ಟೆಯ ಲಿಪೊಸಕ್ಷನ್ ಮಾಡಿಸಿಕೊಂಡು ಮರುದಿನ ಮನೆಗೆ ಹೋದರು. ಮನೆಯಲ್ಲಿ ಸ್ಥಿತಿ ಬಿಗಡಾಯಿಸಿತು. ಸೋಂಕು ರಕ್ತಕ್ಕೇರಿತು. ಕೊನೆಗೆ ಕೈಕಾಲುಗಳ ಒಂಬತ್ತು ಬೆರಳು ಕತ್ತರಿಸಬೇಕಾಯಿತು. ದಿನವಿಡೀ ಕೀಬೋರ್ಡ್ ಒತ್ತುವ ಕೆಲಸದ ಹೆಣ್ಣುಮಗಳು.

ಇದು ನಮ್ಮಲ್ಲಿ ಮಾತ್ರ ಇರುವ ರೋಗವೂ ಅಲ್ಲ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳನ್ನೇ ಕೇಳಿ ನಡೆಸಿದ ಒಂದು ಸಮೀಕ್ಷೆ 2000ದಲ್ಲಿ ಪ್ರಕಟವಾಯಿತು. ಸುಮಾರು 5 ಲಕ್ಷ ಲಿಪೊಸಕ್ಷನ್, 95 ಸಾವು. ಅಂದರೆ ಹೆಚ್ಚುಕಡಿಮೆ 5,000ಕ್ಕೆ ಒಂದು. ಹೆಚ್ಚು ಜೀವ ತೆಗೆದದ್ದು ಶ್ವಾಸಕೋಶಕ್ಕೆ ಹೋದ ರಕ್ತದ ಹೆಪ್ಪು, ಸುಮಾರು ಶೇ 23. ಪೈಪಿನ ತುದಿ ಹೊಟ್ಟೆಯ ಗೋಡೆ ದಾಟಿ ಕರುಳಿಗೆ ತೂತು ಮಾಡಿದ್ದು ಸುಮಾರು ಶೇ 15. ಮನೆಗೆ ಕಳಿಸಿದ ಮೊದಲ ರಾತ್ರಿಯೇ ಎಷ್ಟೋ ಸಾವು ಆಗುತ್ತವೆ, ಅರಿವಳಿಕೆಯ ಮಂಪರಿನ ಮೇಲೆ ಕಣ್ಣಿಡಬೇಕು ಎಂದು ಅವರು ಆಗಲೇ ಎಚ್ಚರಿಸಿದ್ದರು. ಕರುಳಿನ ತೂತು ಕೂಡ ಮೇಜಿನ ಮೇಲೆ ಗೊತ್ತಾಗುವುದು ಅಪರೂಪ. ಒಂದು ದಿನ, ಎರಡು ದಿನ ಕಳೆದ ಮೇಲೆ ಜ್ವರ, ವಾಂತಿ, ಹೊಟ್ಟೆ ಕಲ್ಲಿನಂತಾಗುವುದು. "ಲಿಪೊ ಆದ ಮೇಲೆ ನೋವು ಇದ್ದೇ ಇರುತ್ತೆ ಮೇಡಂ" ಎಂದು ಫೋನಿನಲ್ಲೇ ಸಮಾಧಾನ ಮಾಡಿದರೆ ಮುಗಿಯಿತು. ಸಿಸೇರಿಯನ್ ಗಾಯದ ಹತ್ತಿರ, ಹೊಕ್ಕುಳಿನ ಹತ್ತಿರ ಸಣ್ಣ ಹರ್ನಿಯಾ ಇದ್ದವರಿಗೆ ಈ ಅಪಾಯ ಇನ್ನೂ ಹೆಚ್ಚು. ಮುಂಚೆ ಒಂದು ಅಲ್ಟ್ರಾಸೌಂಡ್ ಮಾಡಿಸಿದರೆ ಬಹಳ ಸಲ ಕಂಡುಬಿಡುತ್ತದೆ. ಅಲ್ಟ್ರಾಸೌಂಡಿಗೆ ಆಗುವ ಖರ್ಚು ಎಷ್ಟು, ಅಲ್ವಾ?

ಸೋಂಕಿನದ್ದು ಇನ್ನೂ ನಿಧಾನ. ನಲ್ಲಿ ನೀರಿನಲ್ಲಿ ಇರುವ ಮೈಕೋಬ್ಯಾಕ್ಟೀರಿಯಾ ಎಂಬ ಒಂದು ಜಾತಿಯ ರೋಗಾಣು ಸರಿಯಾಗಿ ಸ್ಟೆರಿಲೈಸ್ ಆಗದ ಉಪಕರಣದ ಜೊತೆ ಒಳಗೆ ಹೋಗುತ್ತದೆ. ವಾರಗಳಾದ ಮೇಲೆ ಹೊಟ್ಟೆಯ ಮೇಲೆ ಗಂಟು, ಕೀವು. ಸಾಮಾನ್ಯ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ತಿಂಗಳುಗಟ್ಟಲೆ ಔಷಧಿ. ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿ ಅಗ್ಗದಲ್ಲಿ ಟಮ್ಮಿ ಟಕ್ ಮಾಡಿಸಿಕೊಂಡು ಬಂದ ಅಮೆರಿಕದ ಹೆಂಗಸರಲ್ಲಿ 2003–04ರಲ್ಲೇ ಇಂಥ ಗುಂಪು ಸೋಂಕು ಪತ್ತೆಯಾಗಿತ್ತು.

ಈಗ ನಮ್ಮ ಕಾನೂನಿಗೆ ಬರುತ್ತೇನೆ. ಕಾನೂನು ಇಲ್ಲ ಎಂದು ಹೇಳುವ ಹಾಗಿಲ್ಲ. 2007ರ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತಂದಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು, ಕೊನೆಗೆ ಸ್ವಲ್ಪ ಮೆತ್ತಗಾಗಿ ಪಾಸಾಯಿತು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ಬೋರ್ಡಿನ ಮೇಲೆ ಕೆಪಿಎಂಇ ನಂಬರ್ ಹಾಕಬೇಕು, ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಎಂದು ತಮ್ಮ ಇಲಾಖೆ ಬಣ್ಣವನ್ನೂ ಗೊತ್ತು ಮಾಡಿದೆ. ಒಳ್ಳೆಯದೇ. ಆದರೆ ಬೋರ್ಡಿನ ಬಣ್ಣ ನೋಡಿ ಒಳಗೆ ಅರಿವಳಿಕೆ ತಜ್ಞರು ಇದ್ದಾರಾ, ಜೀವ ಉಳಿಸುವ ತುರ್ತು ಔಷಧಿ, ಉಪಕರಣದ ಗಾಡಿ (ಕ್ರ್ಯಾಶ್ ಕಾರ್ಟ್) ಇದೆಯಾ, ಏಳು ಗಂಟೆಗೆ ಬೀಗ ಹಾಕಿದ ಮೇಲೆ ರೋಗಿಯ ಫೋನ್ ಯಾರು ಎತ್ತುತ್ತಾರೆ ಎಂದು ತಿಳಿಯುವುದಿಲ್ಲ.

ಕೇಂದ್ರದ ಕಡೆಯಿಂದಲೂ ನಿಯಮಗಳಿವೆ. ಯೂಟ್ಯೂಬ್ ನೋಡಿ, ಒಂದೆರಡು ಕಾರ್ಯಾಗಾರದಲ್ಲಿ ಕೂತು ಬಂದದ್ದು ತರಬೇತಿ ಅಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಸ್ಪಷ್ಟವಾಗಿ ಹೇಳಿದೆ. ಪ್ಲಾಸ್ಟಿಕ್ ಸರ್ಜನ್ ಆಗಬೇಕಾದರೆ ಎಂಎಸ್ ಮುಗಿಸಿ ಮತ್ತೆ ಮೂರು ವರ್ಷ ಎಂಸಿಎಚ್ ಓದಬೇಕು. "ಕಾಸ್ಮೆಟಿಕ್ ಸರ್ಜನ್" ಎಂಬ ಬೋರ್ಡಿನ ಹಿಂದೆ ಯಾವ ಓದು ಇದೆ ಎಂದು ಜನ ಹೇಗೆ ತಿಳಿಯಬೇಕು? ಜಾಹೀರಾತು ಕೊಟ್ಟು ರೋಗಿಗಳನ್ನು ಸೆಳೆಯಬಾರದು ಎಂದು 2002ರ ವೈದ್ಯರ ನಡತೆ ನಿಯಮಗಳು ಹೇಳುತ್ತವೆ. ಕ್ಲಿನಿಕ್ಕಿನ ಹೆಸರಲ್ಲಿ ಜಾಹೀರಾತು ಕೊಟ್ಟರೆ ಆಯಿತು, ದಾರಿ ಸುಗಮ. ಅದೇ ನಿಯಮಗಳಲ್ಲಿ ಇನ್ನೊಂದು ಬಿರುಕು ನೋಡಿ. ದಾಖಲೆಗಳನ್ನು 3 ವರ್ಷ ಇಡಬೇಕು ಎನ್ನುವ ಮಾತು ಇರುವುದು ಒಳರೋಗಿಗಳ ವಿಷಯದಲ್ಲಿ. ಬೆಳಿಗ್ಗೆ ಬಂದು ಸಂಜೆ ಹೋದವರು ಒಳರೋಗಿಯೋ ಹೊರರೋಗಿಯೋ? ಕೇಸ್ ಬಂದಾಗ ಕ್ಲಿನಿಕ್ಕಿಗೆ ಯಾವುದು ಅನುಕೂಲವೋ ಅದು.

ಬೇರೆ ಕಡೆ ಏನು ಮಾಡಿದ್ದಾರೆ ಎಂದು ಎರಡು ಉದಾಹರಣೆ ಸಾಕು. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ವೈದ್ಯರ ಆಫೀಸಿನಲ್ಲೇ ಮಾಡುವ ಸರ್ಜರಿಗಳಲ್ಲಿ ಸಾವುಗಳು ಹೆಚ್ಚಿದಾಗ ಅಲ್ಲಿನ ವೈದ್ಯಕೀಯ ಮಂಡಳಿ 2000ದಲ್ಲಿ ಒಮ್ಮೆ, 2004ರಲ್ಲಿ ಮತ್ತೊಮ್ಮೆ 90 ದಿನ ತಡೆ ಹಾಕಿತು. ಎರಡನೇ ಸಲ ತಡೆದದ್ದು ಟಮ್ಮಿ ಟಕ್ ಮತ್ತು ಲಿಪೊಸಕ್ಷನ್ ಒಟ್ಟಿಗೆ ಮಾಡುವುದನ್ನೇ. ಅಲ್ಲಿನ ನಿಯಮದಲ್ಲಿ ಆಫೀಸಿನಲ್ಲಿ 4 ಲೀಟರಿಗಿಂತ ಹೆಚ್ಚು ಕೊಬ್ಬು ತೆಗೆಯುವಂತಿಲ್ಲ. ಬೇರೆ ಸರ್ಜರಿ ಜೊತೆ ಸೇರಿಸಿದರೆ 1 ಲೀಟರ್ ಮಾತ್ರ. ಸಾವಾದರೆ, ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದರೆ, 15 ದಿನದೊಳಗೆ ಸರ್ಕಾರಕ್ಕೆ ವರದಿ ಕೊಡಬೇಕು. ಕ್ಯಾಲಿಫೋರ್ನಿಯಾದ್ದು ಇನ್ನೊಂದು. ಗಾಯಕ ಕಾನ್ಯೆ ವೆಸ್ಟ್ ಅವರ ತಾಯಿ ಡೊಂಡಾ ವೆಸ್ಟ್ 2007ರ ನವೆಂಬರಿನಲ್ಲಿ ಟಮ್ಮಿ ಟಕ್, ಲಿಪೊಸಕ್ಷನ್, ಸ್ತನದ ಸರ್ಜರಿ ಒಟ್ಟಿಗೆ ಮಾಡಿಸಿಕೊಂಡು ಮನೆಗೆ ಹೋದರು. ಮರುದಿನ ತೀರಿಕೊಂಡರು. ವಯಸ್ಸು 58, ಹೃದಯದ ರಕ್ತನಾಳದ ಕಾಯಿಲೆ ಇತ್ತು. ಕಾಸ್ಮೆಟಿಕ್ ಸರ್ಜರಿಗೆ ಮುಂಚೆ ದೇಹದ ತಪಾಸಣೆ ಆಗಲೇಬೇಕು ಎಂಬ ಕಾನೂನು ಅವರ ಹೆಸರಿನಲ್ಲೇ 2009ರಲ್ಲಿ ಬಂತು. ಅಲ್ಲಿ ಎಲ್ಲವೂ ಸರಿಯಾಯಿತು ಎಂದಲ್ಲ. ಸಾವು ಆದ ಮೇಲೆ ಒಂದು ನಿಯಮವಾದರೂ ಹುಟ್ಟಿತು ಎಂದಷ್ಟೇ.

ತಮ್ಮಲ್ಲಿ ನನ್ನ ಕೋರಿಕೆಗಳು ದೊಡ್ಡದೇನಲ್ಲ.

ಮೊದಲನೆಯದಕ್ಕೆ ಕಾಯ್ದೆಯ ತಿದ್ದುಪಡಿಗೆ ಕಾಯುವುದು ಬೇಡ, ಇಲಾಖೆಯ ಒಂದು ಸುತ್ತೋಲೆಯಿಂದ ಶುರು ಮಾಡಬಹುದು. ಮನೆಗೆ ಕಳಿಸುವಾಗ ಪ್ರತಿ ರೋಗಿಯ ಕೈಗೆ ಒಂದು ಹಾಳೆ, ಕನ್ನಡದಲ್ಲಿ. ಅದರಲ್ಲಿ ತೂಕ, ಲಿಗ್ನೋಕೇನ್ ಒಟ್ಟು ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಒಳಗೆ ಹೋದ ದ್ರವ ಎಷ್ಟು, ತೆಗೆದದ್ದು ಎಷ್ಟು, ಬೇರೆ ಯಾವ ಮಂಪರು ಔಷಧಿ ಕೊಟ್ಟರು, ಸರ್ಜನ್ ಯಾರು, ಅರಿವಳಿಕೆ ತಜ್ಞರು ಯಾರು, ಅವರ ನೋಂದಣಿ ಸಂಖ್ಯೆ. ಕೆಳಗೆ, ಬಾಯಿಯ ಸುತ್ತ ಮರಗಟ್ಟಿದರೆ, ಉಸಿರು ಕಟ್ಟಿದರೆ, ಒಂದೇ ಕಾಲು ಊದಿಕೊಂಡರೆ, ಹೊಟ್ಟೆ ಗಟ್ಟಿಯಾದರೆ ತಕ್ಷಣ ಎಲ್ಲಿಗೆ ಹೋಗಬೇಕು ಎಂದು. ಜೊತೆಗೆ ರಾತ್ರಿ ಡಾಕ್ಟರೇ ಎತ್ತುವ ಒಂದು ನಂಬರ್. ಈ ಒಂದು ಹಾಳೆ ಇದ್ದಿದ್ದರೆ ಆ ರಾತ್ರಿ ನಾವು ಅಂದಾಜಿನ ಮೇಲೆ ಚಿಕಿತ್ಸೆ ಕೊಡಬೇಕಾಗುತ್ತಿರಲಿಲ್ಲ.

ಎರಡನೆಯದು ಮಿತಿ. ಎಷ್ಟು ಕೊಬ್ಬು ತೆಗೆದರೆ ಡೇ ಕೇರ್, ಎಷ್ಟು ದಾಟಿದರೆ ರಾತ್ರಿ ಆಸ್ಪತ್ರೆಯಲ್ಲಿ ಉಳಿಯಲೇಬೇಕು ಎಂದು ತಜ್ಞರನ್ನು ಕೂರಿಸಿ ಗೆರೆ ಎಳೆಸಿ. 5 ಲೀಟರ್ ದಾಟಿದರೆ ಅದು ದೊಡ್ಡ ಪ್ರಮಾಣ, ರಾತ್ರಿ ಕಣ್ಗಾವಲು ಬೇಕು ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘವೇ ಹೇಳುತ್ತದೆ. ನಮ್ಮಲ್ಲಿ ಅದಕ್ಕಿಂತ ಕಡಿಮೆಗೇ ಗೆರೆ ಎಳೆದರೂ ನನ್ನ ತಕರಾರಿಲ್ಲ. ಟಮ್ಮಿ ಟಕ್ ಮತ್ತು ದೊಡ್ಡ ಲಿಪೊಸಕ್ಷನ್ ಒಟ್ಟಿಗೆ ಮಾಡುವುದು, ಐಸಿಯು ಇಲ್ಲದ ಜಾಗದಲ್ಲಿ, ಬೇಡವೇ ಬೇಡ.

ಅರಿವಳಿಕೆ ತಜ್ಞರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಂದೇ ದಿನ ನಾಲ್ಕು ಕ್ಲಿನಿಕ್ ಓಡಾಡುವವರು ಎಷ್ಟೋ ಜನ. ಕೇಸ್ ಮುಗಿದ ಕೂಡಲೇ ಬ್ಯಾಗ್ ಎತ್ತಿಕೊಂಡು ಮುಂದಿನ ಕ್ಲಿನಿಕ್ಕಿಗೆ. ಅವರನ್ನು ಬೈಯುತ್ತಿಲ್ಲ, ಕೊಡುವ ಸಂಭಾವನೆ ಹಾಗಿರುತ್ತದೆ. ರೋಗಿ ಎದ್ದು ಕೂತು, ಉಸಿರು, ಬಿಪಿ, ಸ್ಯಾಚುರೇಷನ್ ಸರಿಯಿದೆ ಎಂದು ಅವರು ಸಹಿ ಹಾಕುವವರೆಗೆ ಕಟ್ಟಡ ಬಿಡಬಾರದು ಎಂದು ನಿಯಮ ಮಾಡಿ. ರಿಕವರಿಯಲ್ಲಿ ಕೂರುವವರು ತರಬೇತಿ ಪಡೆದ ನರ್ಸ್ ಆಗಿರಲಿ. ಬ್ಯೂಟಿ ಪಾರ್ಲರಿನಿಂದ ಬಂದ ಹುಡುಗಿಗೆ ಬಿಳಿ ಕೋಟು ಹಾಕಿಸಿ ಕೂರಿಸಿದ್ದನ್ನೂ ಕೇಳಿದ್ದೇನೆ. ಆ ಹುಡುಗಿಯ ತಪ್ಪೂ ಅಲ್ಲ ಅದು.

ಕೆಪಿಎಂಇ ಪ್ರಮಾಣಪತ್ರದಲ್ಲಿ ಈ ಜಾಗದಲ್ಲಿ ಯಾವ ಸರ್ಜರಿ, ಯಾವ ಮಟ್ಟದ ಅರಿವಳಿಕೆಗೆ ಅನುಮತಿ ಇದೆ ಎಂದು ಬರೆಯಲಿ. ಅದನ್ನು ಜನ ಮೊಬೈಲಿನಲ್ಲಿ ಹುಡುಕಿ ನೋಡುವಂತಾಗಲಿ, ಕನ್ನಡದಲ್ಲಿ. ಹತ್ತಿರದ ಐಸಿಯು ಇರುವ ಆಸ್ಪತ್ರೆ ಜೊತೆ ಲಿಖಿತ ಒಪ್ಪಂದ ಇಲ್ಲದವರಿಗೆ ನೋಂದಣಿಯೇ ಬೇಡ. ತೊಂದರೆಯಾಗಿ ಸಾಗಿಸಿದರೆ ಮೊದಲ ಬಿಲ್ ಕ್ಲಿನಿಕ್ ಕಟ್ಟಲಿ. ವಿಮೆಯವರು ಕಟ್ಟುವುದಿಲ್ಲ ಎಂದು ಅವರಿಗೂ ಗೊತ್ತು, ರೋಗಿಗೆ ಮಾತ್ರ ಗೊತ್ತಿರುವುದಿಲ್ಲ.

ಕೊನೆಯದು ಲೆಕ್ಕ ಇಡುವುದು. ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಬಾಣಂತಿ ಸತ್ತರೆ ರಾಜ್ಯದಲ್ಲಿ ಆಡಿಟ್ ಆಗುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಡ್ರಿಪ್ ಬಾಟಲಿಯವರೆಗೆ ಹೋಗಿ ತನಿಖೆ ಆಯಿತು. ಹಾಗೆ ಆಗಲು ಕಾರಣ, ಆ ಸಾವುಗಳನ್ನು ಎಣಿಸುವ ಪದ್ಧತಿ ಮುಂಚೆಯೇ ಇತ್ತು. ಕಾಸ್ಮೆಟಿಕ್ ಸರ್ಜರಿ ಆಗಿ 30 ದಿನದೊಳಗೆ ಸತ್ತವರನ್ನು, ಆಸ್ಪತ್ರೆ ಸೇರಿದವರನ್ನು ಎಣಿಸುವ ಕೆಲಸವನ್ನು ಯಾವ ಮೇಜಿಗೂ ಒಪ್ಪಿಸಿಲ್ಲ. ನಮ್ಮಲ್ಲಿಗೆ ಬಂದವರ ಫೈಲಿನಲ್ಲಿ "ಹೃದಯ ಸ್ತಂಭನ" ಎಂದೋ, "ಸೆಪ್ಸಿಸ್" ಎಂದೋ ಬರೆದಿರುತ್ತದೆ. ಬೆಳಿಗ್ಗೆಯ ಕ್ಲಿನಿಕ್ಕಿನ ಸುಳಿವು ಅಲ್ಲಿಗೆ ಅಳಿಸಿಹೋಗುತ್ತದೆ. ಕ್ಲಿನಿಕ್ಕೂ ವರದಿ ಕೊಡಲಿ, ರೋಗಿಯನ್ನು ತೆಗೆದುಕೊಂಡ ಆಸ್ಪತ್ರೆಯೂ ಕೊಡಲಿ, ಜಿಲ್ಲಾ ಆರೋಗ್ಯಾಧಿಕಾರಿಗೆ, 15 ದಿನದಲ್ಲಿ. ರೋಗಿಯ ಹೆಸರಿಲ್ಲದೆ ವರ್ಷಕ್ಕೊಮ್ಮೆ ಪ್ರಕಟಿಸಿ. ಶಿಕ್ಷೆ ಕೊಡಲು ಅಲ್ಲ. ವೈದ್ಯರನ್ನು ಸುಮ್ಮಸುಮ್ಮನೆ ಕ್ರಿಮಿನಲ್ ಕೇಸಿಗೆ ಎಳೆಯಬಾರದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದ್ದು ಸರಿಯಾಗಿಯೇ ಇದೆ. ಎಣಿಸಿದರೆ ಮಾತ್ರ ಯಾವ ತಪ್ಪು ಎಲ್ಲಿ ಮರುಕಳಿಸುತ್ತಿದೆ ಎಂದು ಕಾಣುತ್ತದೆ.

ಒಳ್ಳೆಯ ಪ್ಲಾಸ್ಟಿಕ್ ಸರ್ಜನ್‌ಗಳು ಈ ನಗರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಿಗರೇಟ್ ಬಿಟ್ಟು ಒಂದು ತಿಂಗಳಾದ ಮೇಲೆ ಬನ್ನಿ ಎಂದು ವಾಪಸ್ ಕಳಿಸುವವರು, ಎರಡು ಸರ್ಜರಿಯನ್ನು ಎರಡು ಸಲಕ್ಕೆ ಒಡೆಯುವವರು, ರಾತ್ರಿ ಹತ್ತಕ್ಕೆ ತಾವೇ ಫೋನ್ ಮಾಡಿ "ಎದ್ದು ನಡೆದ್ರಾ ಅಮ್ಮ?" ಎಂದು ಕೇಳುವವರು. ಮೇಲೆ ಬರೆದ ಬಹಳಷ್ಟನ್ನು ಅವರು ಈಗಾಗಲೇ ಮಾಡುತ್ತಿದ್ದಾರೆ. ಖರ್ಚೂ ಅವರದ್ದೇ ಜಾಸ್ತಿ. ಅದಕ್ಕೇ ಅರ್ಧ ದರದ ಜಾಹೀರಾತಿನ ಮುಂದೆ ಸೋಲುತ್ತಿದ್ದಾರೆ. ನಿಯಮ ಎಲ್ಲರಿಗೂ ಒಂದೇ ಆದರೆ ಅವರಿಗೂ ಅನುಕೂಲ.

ಈ ಪತ್ರಕ್ಕೆ ನನ್ನ ಹೆಸರು ಹಾಕಿಲ್ಲ. ನನ್ನ ಆಸ್ಪತ್ರೆಗೆ ರೋಗಿಗಳನ್ನು ಕಳಿಸುವ ಕ್ಲಿನಿಕ್‌ಗಳೂ ಇವೆ, ನನಗೆ ಕೆಲಸವೂ ಬೇಕು. ತಾವು ಸಮಿತಿ ಮಾಡುವುದಾದರೆ ಸರ್ಜನ್‌ಗಳು, ಅಧಿಕಾರಿಗಳ ಜೊತೆ ತುರ್ತು ವಿಭಾಗದಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬ ಡಾಕ್ಟರ್ ಮತ್ತು ಒಬ್ಬ ನರ್ಸನ್ನಾದರೂ ಸೇರಿಸಿಕೊಳ್ಳಿ. ಗೋಪ್ಯವಾಗಿ ಹೇಳಿಕೆ ಕೊಡಲು ಅವಕಾಶ ಇದೆ ಎಂದು ಪ್ರಕಟಿಸಿದರೆ ನಾನೇ ಬರುತ್ತೇನೆ. ದಿನಾಂಕ ಸ್ವಲ್ಪ ಮುಂಚೆ ಗೊತ್ತಾದರೆ ಸಾಕು, ಪಾಳಿ ಬದಲಿಸಿಕೊಳ್ಳಬೇಕು.

ಇಂತಿ ತಮ್ಮ ವಿಶ್ವಾಸಿ,
ತುರ್ತು ವಿಭಾಗದ ಒಬ್ಬ ಸ್ಟಾಫ್ ನರ್ಸ್,
ಬೆಂಗಳೂರು.